ಬಿಸಿಲಲ್ಲಿ ಓಡುವ ಕಂಪ್ಯೂಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಸೋಲಾರಿನಿಂದ ಕಂಪ್ಯೂಟರ್ ನಡೆಸುವ ಬಗ್ಗೆ ಏನು ಕೇಳಬೇಕೆಂದಿದ್ದರೂ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಡ್ಯ, ಮೈಸೂರು ಜಿಲ್ಲೆಗಳವು. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಿಂದ

ನಮ್ಮದು ಗ್ರಾಮ ಒನ್ ಕೇಂದ್ರ. ಒಂದು ಲ್ಯಾಪ್‌ಟಾಪ್, ಲೇಸರ್ ಪ್ರಿಂಟರ್, ಬೆರಳಚ್ಚು ತೆಗೆಯುವ ಯಂತ್ರ, ವೈಫೈ, ಒಂದು ಫ್ಯಾನು, ಎರಡು ಬಲ್ಬು ಇವೆ. ಮಧ್ಯಾಹ್ನದ ಹೊತ್ತು ಎರಡು ಮೂರು ಗಂಟೆ ಕರೆಂಟ್ ಹೋಗುತ್ತದೆ, ಅರ್ಜಿ ಹಾಕಲು ಬಂದವರು ಕಾದು ಕಾದು ವಾಪಸ್ ಹೋಗುತ್ತಾರೆ. ಅಂಗಡಿಯವರು ‘ಒಂದು ಕಿಲೋವಾಟ್ ಹಾಕಿಸಿಬಿಡಿ, ಎಲ್ಲ ಓಡುತ್ತೆ’ ಎನ್ನುತ್ತಾರೆ. ಅಷ್ಟು ಬೇಕೆ?

ಉತ್ತರ: ಬೇಡ, ಅದರ ಅರ್ಧ ಸಾಕು. ಲೆಕ್ಕವನ್ನು ಪ್ಯಾನೆಲ್ಲಿನಿಂದ ಶುರು ಮಾಡಬೇಡಿ, ನಿಮ್ಮ ಯಂತ್ರಗಳು ಇಡೀ ದಿನಕ್ಕೆ ಎಷ್ಟು ಕರೆಂಟ್ ತಿನ್ನುತ್ತವೆ ಎಂಬುದರಿಂದ ಶುರು ಮಾಡಿ. ಗೋಡೆಯ ಸಾಕೆಟ್ಟಿಗೂ ಯಂತ್ರದ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ವಾಟ್ ಮೀಟರ್ ಸಿಗುತ್ತದೆ. ಅದನ್ನು ಒಂದು ದಿನ ಹಾಕಿ ನೋಡಿದರೆ ಊಹೆಯ ಮಾತೇ ಇರುವುದಿಲ್ಲ. ಲ್ಯಾಪ್‌ಟಾಪ್ ಅಡಾಪ್ಟರ್ ಮೇಲೆ 65 ವಾಟ್ ಎಂದು ಬರೆದಿರುವುದು ಅದು ಕೊಡಬಲ್ಲ ಗರಿಷ್ಠ. ಫಾರಂ ತುಂಬುತ್ತ ಕುಳಿತಾಗ ಲ್ಯಾಪ್‌ಟಾಪ್ ಎಳೆಯುವುದು 15ರಿಂದ 30 ವಾಟ್; ಅದರ ಬ್ಯಾಟರಿಯೂ ಜೊತೆಗೆ ಚಾರ್ಜ್ ಆಗುತ್ತಿದ್ದರೆ 50–60.

ಸರಾಸರಿ 40 ವಾಟ್ ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ 320 ವಾಟ್-ಅವರ್. ಫೈಬರ್ ಡಬ್ಬಿ, ವೈಫೈ ಸೇರಿ 12 ವಾಟ್, ಹತ್ತು ಗಂಟೆಗೆ 120. ಫ್ಯಾನು ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯದು) ಆದರೆ 28 ವಾಟ್, ಎಂಟು ಗಂಟೆಗೆ 224. (ಹಳೆಯ ಫ್ಯಾನಾದರೆ 75 ವಾಟ್, ಅಂದರೆ ಅದೊಂದಕ್ಕೇ 600. ಸೋಲಾರ್ ಹಾಕಿಸುವ ಮೊದಲು ಫ್ಯಾನ್ ಬದಲಿಸಿ, ಇದಕ್ಕಿಂತ ಅಗ್ಗದ ಉಳಿತಾಯ ಇನ್ನೊಂದಿಲ್ಲ.) ಎರಡು 9 ವಾಟ್ ಬಲ್ಬು ನಾಲ್ಕು ಗಂಟೆಗೆ 72. ಬೆರಳಚ್ಚು ಯಂತ್ರ ಲೆಕ್ಕಕ್ಕೇ ಬರುವುದಿಲ್ಲ. ಪ್ರಿಂಟರ್ ಬಿಟ್ಟು ಎಲ್ಲ ಸೇರಿ 736. ಇನ್ವರ್ಟರ್ ತಾನೇ ತಿನ್ನುವುದು, ಅದರಲ್ಲಿ ಬಿಸಿಯಾಗಿ ಹೋಗುವುದು ಸೇರಿಸಿದರೆ ಸುಮಾರು 1,000 ವಾಟ್-ಅವರ್, ಅಂದರೆ ದಿನಕ್ಕೆ ಒಂದು ಯೂನಿಟ್.

ಈಗ ಪ್ಯಾನೆಲ್. ನಮ್ಮ ಕಡೆ ಬೇಸಿಗೆಯಲ್ಲಿ ದಿನಕ್ಕೆ ಐದು ಗಂಟೆಗೂ ಮಿಗಿಲಾದ ಪೂರ್ಣ ಬಿಸಿಲಿನ ಲೆಕ್ಕ ಸಿಗುತ್ತದೆ. ಮಂಡ್ಯದಲ್ಲಿ ಆಷಾಢ-ಶ್ರಾವಣದಲ್ಲಿ ಮಳೆ ಕಡಿಮೆಯಿದ್ದರೂ ಮೋಡ ಕವಿದೇ ಇರುತ್ತದೆ, ಹಾಗಾಗಿ ನಾಲ್ಕೇ ಗಂಟೆ ಹಿಡಿಯಿರಿ. ಬಿಸಿ, ದೂಳು, ವೈರ್, ಬ್ಯಾಟರಿ ಎಲ್ಲದರಲ್ಲೂ ಸೋರಿ ಕೈಗೆ ಸಿಗುವುದು ನೂರಕ್ಕೆ 65. 1,000ವನ್ನು ನಾಲ್ಕರಿಂದಲೂ 0.65ರಿಂದಲೂ ಭಾಗಿಸಿದರೆ 385. ಅಂದರೆ 200 ವಾಟಿನ ಎರಡು ಪ್ಯಾನೆಲ್, ಇಲ್ಲವೇ ಈಗ ಸುಲಭವಾಗಿ ಸಿಗುವ 540 ವಾಟಿನ ಒಂದೇ ದೊಡ್ಡ ಪ್ಯಾನೆಲ್ ಜೊತೆಗೆ ಎಂಪಿಪಿಟಿ ಚಾರ್ಜರ್ (ಪ್ಯಾನೆಲ್ಲಿನ ಹೆಚ್ಚಿನ ವೋಲ್ಟನ್ನು ಆಂಪಿಯರ್ ಆಗಿ ಬದಲಿಸುವಂಥದು). ದಕ್ಷಿಣಕ್ಕೆ ಮುಖ, 12ರಿಂದ 15 ಡಿಗ್ರಿ ಓರೆ. ಮೈಸೂರು-ಮಂಡ್ಯ ಇರುವುದು 12 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ. ಅದಕ್ಕಿಂತ ಚಪ್ಪಟೆಯಾಗಿ ಮಲಗಿಸಿದರೆ ಕೆಳ ಅಂಚಿನಲ್ಲಿ ನೀರು ನಿಂತು ದೂಳು ಪಟ್ಟಿ ಕಟ್ಟುತ್ತದೆ.

ಬ್ಯಾಟರಿ 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್), ಸಿ-10 (ಹತ್ತು ಗಂಟೆಯ ಖರ್ಚಿಗೆ ಅಳೆದದ್ದು) ಎಂದು ನಮೂದಾದ ಟ್ಯೂಬುಲರ್, ಅಂದರೆ ನೀರು ಹಾಕುವ ಸೀಸ-ಆ್ಯಸಿಡ್ ಬ್ಯಾಟರಿ. ಇದರಲ್ಲಿ 1,800 ವಾಟ್-ಅವರ್ ಇರುತ್ತದೆ, ದಿನವೂ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು, ಹಾಗಾಗಿ ಕೈಗೆ 900. ನಿಮಗೆ ಕರೆಂಟ್ ಇಡೀ ದಿನ ಹೋಗುವುದಿಲ್ಲವಾದ್ದರಿಂದ ಇದು ಧಾರಾಳ. ಸಿ-20 ಎಂದಿರುವ ಮಾಮೂಲಿ ಇನ್ವರ್ಟರ್ ಬ್ಯಾಟರಿಯನ್ನೇ ‘ಸೋಲಾರ್’ ಎಂದು ಕೊಡುವವರಿದ್ದಾರೆ, ಚೀಟಿ ಓದಿ. 150 ಎಎಚ್ ಎಂದು ಎರಡರ ಮೇಲೂ ಇದ್ದರೂ, ಸಿ-20 ಬ್ಯಾಟರಿ ಅಷ್ಟನ್ನು ಕೊಡುವುದು 20 ಗಂಟೆಯ ನಿಧಾನ ಖರ್ಚಿನಲ್ಲಿ ಮಾತ್ರ. ಬೇಗ ಎಳೆದರೆ ಅಷ್ಟು ಬರುವುದಿಲ್ಲ.

ಪ್ರಿಂಟರ್ ವಿಷಯ ಬೇರೆ. ಲೇಸರ್ ಪ್ರಿಂಟರ್ ಒಳಗೆ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಹೀಟರ್ ಇದೆ. ಅದು ಕೆಲವು ಸೆಕೆಂಡು 800ರಿಂದ 1,000 ವಾಟ್ ಎಳೆಯುತ್ತದೆ. 900 ವಿಎ ಇನ್ವರ್ಟರ್ ಕೊಡುವುದೇ 700 ವಾಟ್ ಆಸುಪಾಸು. ಪ್ರಿಂಟ್ ಒತ್ತಿದ ಕೂಡಲೇ ಎಲ್ಲ ಆಫ್ ಆಯಿತು ಎನ್ನುವ ದೂರಿನ ಮೂಲ ಇದೇ. ಲೇಸರ್ ಪ್ರಿಂಟರಿಗೆ ಇನ್ವರ್ಟರ್ ಸಾಕೆಟ್ ಕೊಡಬೇಡಿ, ನೇರ ಲೈನಿನಲ್ಲಿ ಇಡಿ. ಕರೆಂಟ್ ಹೋದಾಗಲೂ ಪ್ರಿಂಟ್ ಬೇಕೇ ಬೇಕು ಎಂದರೆ ಇಂಕ್ ಟ್ಯಾಂಕ್ ಪ್ರಿಂಟರ್ ತೆಗೆದುಕೊಳ್ಳಿ, 15–20 ವಾಟಿನಲ್ಲಿ ಮುಗಿಯುತ್ತದೆ. ಲೇಸರ್ ಪ್ರಿಂಟರಿಗಾಗಿ ಇನ್ವರ್ಟರನ್ನೇ ದೊಡ್ಡದು ಮಾಡುವುದು ದುಡ್ಡು ಹಾಳು.

ಕುವೆಂಪುನಗರ, ಮೈಸೂರು

ಸೋಲಾರ್ ಇನ್ವರ್ಟರ್ ಇದೆ, ಬ್ಯಾಟರಿ ಹೊಸದು. ಆದರೂ ಕರೆಂಟ್ ಹೋದ ಕ್ಷಣ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತದೆ. ಲೈಟು, ಫ್ಯಾನು ಮಾತ್ರ ನಿಲ್ಲುವುದಿಲ್ಲ. ಬ್ಯಾಟರಿ ಕೆಟ್ಟಿದೆಯೇ?

ಉತ್ತರ: ಬ್ಯಾಟರಿ ಸರಿಯಾಗಿದೆ. ಇನ್ವರ್ಟರ್ ಹಿಂಬದಿಯಲ್ಲಿ ಅಥವಾ ಮೆನುವಿನಲ್ಲಿ ‘ಯುಪಿಎಸ್’ ಮತ್ತು ‘ಇಕೋ’ ಅಥವಾ ‘ನಾರ್ಮಲ್’ ಎಂಬ ಎರಡು ಸ್ಥಿತಿಗಳಿರುತ್ತವೆ. ನಾರ್ಮಲ್ ಸ್ಥಿತಿಯಲ್ಲಿ ಲೈನಿನಿಂದ ಬ್ಯಾಟರಿಗೆ ಹೊರಳಲು ಹತ್ತಾರು ಮಿಲಿಸೆಕೆಂಡು ಹಿಡಿಯುತ್ತದೆ. ಬಲ್ಬಿಗೆ ಅದು ಕಣ್ಣು ಮಿಟುಕಿಸಿದಂತೆ. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಡಬ್ಬಿ) ಮಾತ್ರ ತನ್ನ ಕೆಪಾಸಿಟರಿನಲ್ಲಿರುವ ಶಕ್ತಿಯಿಂದ 16–17 ಮಿಲಿಸೆಕೆಂಡು ತಡೆದುಕೊಳ್ಳಬಲ್ಲದು, ಅಷ್ಟೆ. ಯುಪಿಎಸ್ ಸ್ಥಿತಿಗೆ ಹಾಕಿದರೆ ಹೊರಳುವ ಸಮಯ 10 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ.

ಇದರ ಇನ್ನೊಂದು ಮುಖವನ್ನೂ ತಿಳಿದಿರಿ. ಯುಪಿಎಸ್ ಸ್ಥಿತಿಯಲ್ಲಿ ಇನ್ವರ್ಟರ್ ಸುಮಾರು 180ರಿಂದ 260 ವೋಲ್ಟ್ ಒಳಗಿನ ಲೈನನ್ನು ಮಾತ್ರ ಒಪ್ಪುತ್ತದೆ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಬೀಳುವ ಹಳ್ಳಿಗಳಲ್ಲಿ ಹೀಗೆ ಹಾಕಿದರೆ ಕರೆಂಟ್ ಇದ್ದಾಗಲೂ ಬ್ಯಾಟರಿಯೇ ಖರ್ಚಾಗುತ್ತಿರುತ್ತದೆ, ಬ್ಯಾಟರಿ ಬೇಗ ಸೋತು ಹೋಗುತ್ತದೆ. ನಿಮ್ಮದು ಮೈಸೂರು ನಗರವಾದ್ದರಿಂದ ಆ ಚಿಂತೆ ಕಡಿಮೆ.

ಯುಪಿಎಸ್ ಸ್ಥಿತಿಯಲ್ಲೂ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ಹಳೆಯದಾಗಿ ಅದರ ಕೆಪಾಸಿಟರ್ ಒಣಗಿದೆ ಎಂದರ್ಥ. ಎಸ್‌ಎಂಪಿಎಸ್ ಬದಲಿಸಿ. ಇನ್ವರ್ಟರ್ ಸೈನ್ ವೇವ್ ಅಲ್ಲದೆ ಸ್ಕ್ವೇರ್ ವೇವ್ ಆಗಿದ್ದರೆ ಹೊಸ ಎಸ್‌ಎಂಪಿಎಸ್‌ಗಳು ಗುಂಯ್‌ಗುಟ್ಟುತ್ತವೆ, ಕೆಲವು ಆನ್ ಆಗುವುದೇ ಇಲ್ಲ.

ವಿಜಯನಗರ, ಮೈಸೂರು

ತಾರಸಿ ಮೇಲೆ 3 ಕಿಲೋವಾಟ್ ಹಾಕಿಸಿದ್ದೇವೆ, ಪಿಎಂ ಸೂರ್ಯ ಘರ್ ಸಬ್ಸಿಡಿ 78,000 ರೂಪಾಯಿಯೂ ಬಂತು. ಮಗಳು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಾಳೆ. ಸುಡುಬಿಸಿಲಿದ್ದರೂ ಕರೆಂಟ್ ಹೋದ ಕೂಡಲೇ ಎಲ್ಲ ನಿಲ್ಲುತ್ತದೆ. ಮೋಸ ಹೋದೆವೇ?

ಉತ್ತರ: ಮೋಸವಿಲ್ಲ. ಹಾಕುವ ಮೊದಲು ನಿಮಗೆ ಹೇಳಬೇಕಾಗಿದ್ದ ಮಾತನ್ನು ಯಾರೂ ಹೇಳಿಲ್ಲ. ನಿಮ್ಮದು ಆನ್-ಗ್ರಿಡ್ ವ್ಯವಸ್ಥೆ. ಸೆಸ್ಕ್ (ನಿಮ್ಮ ಭಾಗದ ವಿದ್ಯುತ್ ಕಂಪನಿ) ಲೈನಿನ ವೋಲ್ಟೇಜು, ಆವರ್ತನ ಎರಡನ್ನೂ ಅನುಸರಿಸಿ ಅದಕ್ಕೆ ಕರೆಂಟ್ ಸೇರಿಸುವ ಯಂತ್ರ ಅದು. ಲೈನ್ ಸತ್ತ ಕೂಡಲೇ ತಾನೂ ನಿಲ್ಲಬೇಕು ಎಂಬುದು ಕಡ್ಡಾಯ. ನಿಲ್ಲದಿದ್ದರೆ, ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಕರೆಂಟ್ ಹೊಡೆಯುತ್ತದೆ.

ಮಗಳ ಕೆಲಸ ನಿಲ್ಲದಿರಲು ಇಡೀ ಮನೆಯನ್ನು ಬ್ಯಾಟರಿಗೆ ಹಾಕಬೇಕಿಲ್ಲ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ, ನಿಲ್ಲುವುದು ಇಂಟರ್‌ನೆಟ್. ಫೈಬರ್ ಡಬ್ಬಿಗೂ ರೂಟರಿಗೂ ಸಾಮಾನ್ಯವಾಗಿ ಬೇಕಾಗುವುದು 12 ವೋಲ್ಟ್ ಡಿಸಿ. ಅದಕ್ಕೆಂದೇ ಅಂಗೈಯಗಲದ ಲಿಥಿಯಂ ಮಿನಿ ಯುಪಿಎಸ್ ಸಿಗುತ್ತದೆ, ಎರಡು ಮೂರು ಗಂಟೆ ಬರುತ್ತದೆ. ದೊಡ್ಡ ಮಾನಿಟರೂ ಬೇಕು ಎಂದರೆ ಒಂದೇ ಕೋಣೆಗೆ ಸಣ್ಣ ಇನ್ವರ್ಟರ್, ಒಂದು ಬ್ಯಾಟರಿ. ಇಡೀ ವ್ಯವಸ್ಥೆಯನ್ನೇ ಹೈಬ್ರಿಡ್ ಇನ್ವರ್ಟರಿಗೆ (ಲೈನು, ಬ್ಯಾಟರಿ ಎರಡಕ್ಕೂ ಹೊಂದುವಂಥದು) ಬದಲಿಸುವುದೂ ಸಾಧ್ಯ, ಆದರೆ ಸೆಸ್ಕ್ ಒಪ್ಪಿಗೆ ಪಡೆದೇ ಮಾಡಿಸಬೇಕು. ಒಂದನ್ನು ಮಾತ್ರ ಖಂಡಿತ ಮಾಡಬೇಡಿ: ಕರೆಂಟ್ ಹೋದಾಗ ಜನರೇಟರ್ ಅಥವಾ ಇನ್ವರ್ಟರ್ ಲೈನನ್ನು ಆನ್-ಗ್ರಿಡ್ ಯಂತ್ರಕ್ಕೆ ಕೊಟ್ಟು ಅದನ್ನು ‘ಏಮಾರಿಸಿ’ ಓಡಿಸಬಹುದು ಎಂದು ಹೇಳಿಕೊಡುವವರು ಇದ್ದಾರೆ. ಪ್ಯಾನೆಲ್ಲಿನ ಕರೆಂಟ್ ಹೋಗಲು ಜಾಗವಿಲ್ಲದೆ ಆ ಇನ್ವರ್ಟರೊಳಕ್ಕೇ ನುಗ್ಗುತ್ತದೆ, ಸುಟ್ಟು ಹೋಗುತ್ತದೆ.

ಇದೇ ಪ್ರಶ್ನೆಯನ್ನು ಹಾಕಿಸುವ ಮೊದಲೇ ಕೇಳಿದವರಿಗೆ ಒಂದು ಮಾತು. ಗೃಹಜ್ಯೋತಿಯಲ್ಲಿ ನಿಮ್ಮ ಮನೆಯ ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ ಆನ್-ಗ್ರಿಡ್ ಹಾಕಿಸಿ ಉಳಿಸಲು ದುಡ್ಡೇ ಇಲ್ಲ. ನಿಮಗೆ ಬೇಕಿರುವುದು ಕರೆಂಟ್ ಹೋದಾಗಿನ ಕರೆಂಟ್, ಅದಕ್ಕೆ ಬ್ಯಾಟರಿ ಇರುವ ವ್ಯವಸ್ಥೆಯೇ ಆಗಬೇಕು. ವಾಣಿಜ್ಯ ಮೀಟರ್ ಇರುವ ಜೆರಾಕ್ಸ್ ಅಂಗಡಿ, ಕಂಪ್ಯೂಟರ್ ಸೆಂಟರುಗಳ ಲೆಕ್ಕ ಬೇರೆ. ಅವರಿಗೆ ಗೃಹಜ್ಯೋತಿ ಅನ್ವಯಿಸುವುದಿಲ್ಲ, ಹಗಲು ಉಳಿಸಿದ ಪ್ರತಿ ಯೂನಿಟ್ಟೂ ಲಾಭವೇ.

ಪಾಂಡವಪುರ

335 ವಾಟ್ ಪ್ಯಾನೆಲ್ ತಂದು 12 ವೋಲ್ಟ್ ಬ್ಯಾಟರಿಗೆ ಹಾಕಿದ್ದೇನೆ. ನಡುಮಧ್ಯಾಹ್ನವೂ 110 ವಾಟ್ ದಾಟುವುದಿಲ್ಲ. ಪ್ಯಾನೆಲ್ ಡೂಪ್ಲಿಕೇಟ್ ಇರಬಹುದೇ?

ಉತ್ತರ: ಪ್ಯಾನೆಲ್ ಅಸಲಿಯೇ ಇರಬೇಕು. ನಿಮ್ಮ ಚಾರ್ಜ್ ಕಂಟ್ರೋಲರ್ ಪಿಡಬ್ಲ್ಯೂಎಂ ಮಾದರಿಯದು ಎಂದು ಆ ಅಂಕಿಯೇ ಹೇಳುತ್ತಿದೆ. 335 ವಾಟಿನ ಪ್ಯಾನೆಲ್ ಕೆಲಸ ಮಾಡುವುದು ಸುಮಾರು 38 ವೋಲ್ಟ್, 8.8 ಆಂಪಿಯರಿನಲ್ಲಿ. ಎರಡನ್ನೂ ಗುಣಿಸಿದರೆ 335. ಪಿಡಬ್ಲ್ಯೂಎಂ ಕಂಟ್ರೋಲರ್ ಪ್ಯಾನೆಲನ್ನು ನೇರವಾಗಿ ಬ್ಯಾಟರಿಗೆ ಸೇರಿಸುವ ಒಂದು ಸ್ವಿಚ್ಚು ಇದ್ದಂತೆ. ಬ್ಯಾಟರಿ 13 ವೋಲ್ಟ್ ಇದ್ದರೆ ಪ್ಯಾನೆಲ್ಲನ್ನೂ 13ಕ್ಕೆ ಎಳೆದು ಕೂರಿಸುತ್ತದೆ. ಆಂಪಿಯರ್ ಮಾತ್ರ ಹಾಗೇ ಇರುತ್ತದೆ. 13 ಗುಣಿಸು 8.8, 114 ವಾಟ್. ಮಿಕ್ಕ 25 ವೋಲ್ಟ್ ನಿಮ್ಮ ಲೆಕ್ಕಕ್ಕಿಲ್ಲ.

ದಾರಿ ಎರಡು. ಒಂದು, ಎಂಪಿಪಿಟಿ ಕಂಟ್ರೋಲರ್ ಹಾಕುವುದು. ಅದು ಹೆಚ್ಚಿನ ವೋಲ್ಟನ್ನು ಆಂಪಿಯರ್ ಆಗಿ ಬದಲಿಸಿ ಬ್ಯಾಟರಿಗೆ ತುಂಬುತ್ತದೆ. ಬಿಸಿಲಿಗೆ ಕಾದ ಪ್ಯಾನೆಲ್ಲಿನ ನಷ್ಟ ಕಳೆದರೂ 250 ವಾಟಿನ ಆಸುಪಾಸು, ಅಂದರೆ ಬ್ಯಾಟರಿಗೆ 19–20 ಆಂಪಿಯರ್ ಬರಬೇಕು. 30 ಆಂಪಿಯರಿನ ಕಂಟ್ರೋಲರ್ ತೆಗೆದುಕೊಳ್ಳಿ. ಅದರ ಒಳಬರುವ ವೋಲ್ಟೇಜ್ ಮಿತಿ 100 ವೋಲ್ಟ್ ಇರಲಿ. ನಿಮ್ಮ ಪ್ಯಾನೆಲ್ ಲೋಡ್ ಇಲ್ಲದಾಗ 46 ವೋಲ್ಟ್ ತೋರಿಸುತ್ತದೆ, ಮಾಗಿಯ ಚಳಿಯ ಬೆಳಗ್ಗೆ ಇನ್ನೂ ಒಂದೂವರೆ ವೋಲ್ಟ್ ಏರುತ್ತದೆ. 50 ವೋಲ್ಟ್ ಮಿತಿಯ ಅಗ್ಗದ ಕಂಟ್ರೋಲರ್ ಅಂಚಿನಲ್ಲೇ ನಿಂತಿರುತ್ತದೆ. ಮುಂದೆ ಇಂಥದೇ ಇನ್ನೊಂದು ಪ್ಯಾನೆಲ್ ತಂದರೆ ಸರಣಿಯಲ್ಲಿ ಜೋಡಿಸಬೇಡಿ, 95 ವೋಲ್ಟ್ ಆಗಿ 100ರ ಹೊಸ್ತಿಲಿಗೆ ಬರುತ್ತದೆ, ಪ್ಯಾರಲಲ್ ಜೋಡಿಸಿ.

ಎರಡನೆಯ ದಾರಿ, ಈಗಿನ ಬ್ಯಾಟರಿ ಹೊಸದೇ ಆಗಿದ್ದರೆ, ಇನ್ನೊಂದು ಅಂಥದೇ ಹೊಸ ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿಕೊಳ್ಳುವುದು. ಇನ್ವರ್ಟರೂ 24 ವೋಲ್ಟಿನದಾಗಬೇಕು. ಆಗ ಇರುವ ಪಿಡಬ್ಲ್ಯೂಎಂನಲ್ಲೇ, ಅದು 24 ವೋಲ್ಟಿಗೂ ಆಗುವಂಥದಾದರೆ, 230 ವಾಟಿನ ಹತ್ತಿರ ಬರುತ್ತದೆ. ಹಳೆಯ ಬ್ಯಾಟರಿಗೆ ಹೊಸದನ್ನು ಜೋಡಿ ಮಾಡುವುದು ಮಾತ್ರ ಬೇಡ, ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಜೋಡಿಸುವ ಕ್ರಮ: ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿ ಇಲ್ಲದೆ ಪ್ಯಾನೆಲ್ ಕೊಟ್ಟರೆ ಕೆಲವು ಕಂಟ್ರೋಲರುಗಳು ಅಲ್ಲೇ ಸುಡುತ್ತವೆ.

ಕೆ.ಆರ್. ಪೇಟೆ ತಾಲ್ಲೂಕು

ತೋಟದ ಮನೆಯಲ್ಲಿ ಓದುತ್ತೇನೆ. ಲೈನ್ ಪಂಪ್‌ಸೆಟ್ಟಿನದು, ದಿನಕ್ಕೆ ಕೆಲವೇ ಗಂಟೆ ಕರೆಂಟ್. 100 ಎಎಚ್ ಬ್ಯಾಟರಿ, 165 ವಾಟ್ ಪ್ಯಾನೆಲ್ ಇದೆ. ಇನ್ವರ್ಟರ್ ಇಲ್ಲದೆ ಲ್ಯಾಪ್‌ಟಾಪನ್ನು ಬ್ಯಾಟರಿಯಿಂದ ನೇರ ಚಾರ್ಜ್ ಮಾಡಬಹುದೇ?

ಉತ್ತರ: ಮಾಡಬಹುದು, ನಿಮ್ಮಂಥ ಸಣ್ಣ ವ್ಯವಸ್ಥೆಗೆ ಅದೇ ಸರಿಯಾದ ದಾರಿ. ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರ್ 230 ಮಾಡುವುದು, ಅಡಾಪ್ಟರ್ ಮತ್ತೆ ಅದನ್ನು 20ಕ್ಕೆ ಇಳಿಸುವುದು, ಎರಡೂ ಕಡೆ ಸೋರಿಕೆ. ಲ್ಯಾಪ್‌ಟಾಪ್ ನಿಜವಾಗಿ ತಿನ್ನುವುದು 30 ವಾಟ್ ಆದರೆ, ಇನ್ವರ್ಟರ್ ಖಾಲಿ ಓಡಲು ಬೇಕಾದ ಹತ್ತು ಹನ್ನೆರಡು ವಾಟೂ ಸೇರಿ ಬ್ಯಾಟರಿಯಿಂದ ಹೋಗುವುದು ಹೆಚ್ಚುಕಡಿಮೆ 50 ವಾಟ್. ನೇರ ಕೊಟ್ಟರೆ 33.

ಲ್ಯಾಪ್‌ಟಾಪ್ ಯುಎಸ್‌ಬಿ-ಸಿ ಕಿಂಡಿಯಿಂದ ಚಾರ್ಜ್ ಆಗುವಂಥದಾದರೆ ಕಾರಿನಲ್ಲಿ ಬಳಸುವ 65 ವಾಟಿನ ಪಿಡಿ ಚಾರ್ಜರ್ ಸಾಕು. 20 ವೋಲ್ಟ್, 3.25 ಆಂಪಿಯರ್ ಎಂದು ಅದರ ಮೇಲೆ ಇರಬೇಕು. ಮೊಬೈಲಿನ 18–20 ವಾಟಿನ ಚಾರ್ಜರ್ ಹಾಕಿದರೆ ಹಲವು ಲ್ಯಾಪ್‌ಟಾಪ್‌ಗಳು ಒಪ್ಪುವುದಿಲ್ಲ. ಹಳೆಯ ದುಂಡು ಪಿನ್ನಿನ ಲ್ಯಾಪ್‌ಟಾಪಾದರೆ 12ರಿಂದ 19.5 ವೋಲ್ಟಿಗೆ ಏರಿಸುವ ಕಾರ್ ಅಡಾಪ್ಟರ್ ಬೇಕು. ಕೆಲವು ಕಂಪನಿಗಳ ಪಿನ್ನಿನ ನಡುವೆ ಅಡಾಪ್ಟರನ್ನು ಗುರುತಿಸುವ ತೆಳುವಾದ ಇನ್ನೊಂದು ಕಡ್ಡಿ ಇರುತ್ತದೆ. ಆ ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಓಡುತ್ತದೆ, ಆದರೆ ಅದರ ಬ್ಯಾಟರಿ ತುಂಬುವುದಿಲ್ಲ. ಕೊಳ್ಳುವಾಗ ನಿಮ್ಮ ಮಾಡೆಲ್ ಹೇಳಿ.

12 ವೋಲ್ಟಿನಲ್ಲಿ ವೈರ್ ದಪ್ಪ ಇರಲೇಬೇಕು. 65 ವಾಟಿಗೆ 6 ಆಂಪಿಯರ್ ಹರಿಯುತ್ತದೆ. ಐದು ಮೀಟರ್ ದೂರವಾದರೆ ಹೋಗಿ ಬರುವ ತಂತಿ ಹತ್ತು ಮೀಟರ್. 1.5 ಚದರ ಮಿಲಿಮೀಟರ್ ವೈರಿನಲ್ಲಿ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 2.5ರಲ್ಲಿ ಅರ್ಧ ವೋಲ್ಟಿಗೂ ಕಡಿಮೆ, 4ರಲ್ಲಿ 0.3. ಬ್ಯಾಟರಿ ಇಳಿದ ಹೊತ್ತಿನಲ್ಲಿ ಆ ಅರ್ಧ ವೋಲ್ಟೇ ಚಾರ್ಜರ್ ಬಿಟ್ಟು ಬಿಟ್ಟು ಹಿಡಿಯಲು ಕಾರಣವಾಗುತ್ತದೆ. 2.5 ಹಾಕಿ, ದೂರ ಹೆಚ್ಚಾದರೆ 4. ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿನ ಪಕ್ಕದಲ್ಲೇ, ಒಂದು ಗೇಣಿನೊಳಗೆ, 10 ಆಂಪಿಯರಿನ ಫ್ಯೂಸ್ ಕೂರಿಸಿ. ಇಲಿ ಕಡಿದು ವೈರ್ ಒಂದಕ್ಕೊಂದು ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ವೈರ್ ಕೆಂಡವಾಗುತ್ತದೆ.

ರೂಟರ್ 12 ವೋಲ್ಟಿನದೇ ಎಂದು ನೇರ ಬ್ಯಾಟರಿಗೆ ಸಿಕ್ಕಿಸಬೇಡಿ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟಿಗೆ ಏರುತ್ತದೆ. ನಡುವೆ 12 ವೋಲ್ಟನ್ನು ಸ್ಥಿರವಾಗಿ ಕೊಡುವ ಬಕ್-ಬೂಸ್ಟ್ ಕನ್ವರ್ಟರ್ ಇರಲಿ. ಮುಂದೆ 24 ವೋಲ್ಟ್ ಮಾಡಿಕೊಂಡರೆ, ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದಿಯಬೇಡಿ; ಅದೊಂದು ಸದಾ ಹಸಿದು, ಇನ್ನೊಂದು ಉಕ್ಕಿ, ಎರಡೂ ಹಾಳಾಗುತ್ತವೆ.

ನಾಗಮಂಗಲ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು

ದಾನಿಗಳು ಹತ್ತು ಹಳೆಯ ಡೆಸ್ಕ್‌ಟಾಪ್ ಕೊಟ್ಟಿದ್ದಾರೆ. ಕರೆಂಟ್ ನೆಚ್ಚಿಕೊಂಡರೆ ಪ್ರಾಕ್ಟಿಕಲ್ ನಡೆಯುವುದಿಲ್ಲ. ಹಳೆ ವಿದ್ಯಾರ್ಥಿಗಳು ಸೋಲಾರ್ ಹಾಕಿಸಿಕೊಡಲು ಮುಂದೆ ಬಂದಿದ್ದಾರೆ. ಏನೇನು ಕೇಳಬೇಕು?

ಉತ್ತರ: ಸಾರ್, ಸೋಲಾರಿಗಿಂತ ಮೊದಲು ಕಂಪ್ಯೂಟರ್‌ಗಳನ್ನೇ ನೋಡಿ. ಹಳೆಯ ಡೆಸ್ಕ್‌ಟಾಪ್ 75–80 ವಾಟ್, ಮಾನಿಟರ್ 20. ಹತ್ತಕ್ಕೆ 1,000 ವಾಟ್, ದಿನಕ್ಕೆ ನಾಲ್ಕು ಗಂಟೆ ಎಂದರೆ 4 ಯೂನಿಟ್. ಇದಕ್ಕೆ 540 ವಾಟಿನ ಮೂರು ಪ್ಯಾನೆಲ್, 150 ಎಎಚ್ ಬ್ಯಾಟರಿ ನಾಲ್ಕು, 48 ವೋಲ್ಟ್ ಇನ್ವರ್ಟರ್. ಅದೇ ಕೆಲಸವನ್ನು ಮಿನಿ ಪಿಸಿ 12 ವಾಟಿನಲ್ಲಿ ಮಾಡುತ್ತದೆ, 19 ಇಂಚಿನ ಎಲ್‌ಇಡಿ ಮಾನಿಟರ್ 15 ವಾಟ್. ಹತ್ತಕ್ಕೆ 270 ವಾಟ್, ನಾಲ್ಕು ಗಂಟೆಗೆ ಒಂದು ಯೂನಿಟ್ಟಿನ ಆಸುಪಾಸು. ಒಂದೇ ಒಂದು 540 ವಾಟ್ ಪ್ಯಾನೆಲ್, ಎರಡು ಬ್ಯಾಟರಿ, 24 ವೋಲ್ಟ್. ಮೂರು ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವಾಗ ಶಾಲೆಗೆ ನಾಲ್ಕು ಕೊಳ್ಳುವ ಶಕ್ತಿ ಇರುತ್ತದೆಯೇ, ಎರಡರದೇ? ಹಳೆ ವಿದ್ಯಾರ್ಥಿಗಳ ಮುಂದೆ ಈ ಪ್ರಶ್ನೆಯನ್ನು ಇಡಿ. ಕಚೇರಿಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಕೊಡಿಸಿದರೂ ಆದೀತು.

ಬದಲಿಸಲು ಆಗದಿದ್ದರೆ ಇರುವವನ್ನೇ ಹಗುರ ಮಾಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕಿತ್ತಿಡಿ, ಶಾಲೆಯ ಕೆಲಸಕ್ಕೆ ಅದು ಬೇಡ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ತಲಾ ನಾಲ್ಕೈದು ವಾಟ್ ಉಳಿಯುತ್ತದೆ, ದಿಢೀರ್ ಕರೆಂಟ್ ಹೋದಾಗ ಡಿಸ್ಕಿಗೆ ಆಗುವ ಪೆಟ್ಟೂ ತಪ್ಪುತ್ತದೆ. ಮಾನಿಟರ್ ಬೆಳಕನ್ನು ಅರ್ಧಕ್ಕೆ ಇಳಿಸಿ, ಐದು ನಿಮಿಷ ಮುಟ್ಟದಿದ್ದರೆ ಮಲಗುವಂತೆ ಸೆಟ್ ಮಾಡಿ. ಹತ್ತನ್ನೂ ಒಂದೇ ಸ್ವಿಚ್ಚಿನಲ್ಲಿ ಆನ್ ಮಾಡಬೇಡಿ; ಎಸ್‌ಎಂಪಿಎಸ್‌ಗಳು ಮೊದಲ ಕ್ಷಣದಲ್ಲಿ ಎಳೆಯುವ ಕರೆಂಟಿಗೆ ಇನ್ವರ್ಟರ್ ಟ್ರಿಪ್ ಆಗುತ್ತದೆ. ಎರಡೆರಡಾಗಿ ಹಚ್ಚಿಸಿ.

ವೇಳಾಪಟ್ಟಿ ನಿಮ್ಮ ಕೈಯಲ್ಲೇ ಇದೆ. ಕಂಪ್ಯೂಟರ್ ತರಗತಿಯನ್ನು ಹತ್ತೂವರೆಯಿಂದ ಎರಡೂವರೆಯೊಳಗೆ ಇಟ್ಟುಕೊಂಡರೆ ಪ್ಯಾನೆಲ್ಲಿನ ಕರೆಂಟ್ ನೇರ ಖರ್ಚಾಗಿ ಬ್ಯಾಟರಿಗೆ ದುಡಿಮೆಯೇ ಕಡಿಮೆಯಾಗುತ್ತದೆ, ಬ್ಯಾಟರಿಯ ಆಯಸ್ಸು ಬೆಳೆಯುತ್ತದೆ.

ಬ್ಯಾಟರಿಗಳನ್ನು ಕಂಪ್ಯೂಟರ್ ಕೋಣೆಯಲ್ಲಿ ಇಡಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಜೊತೆಗೆ ಬರುವ ಆ್ಯಸಿಡ್ ಆವಿ ಕಂಪ್ಯೂಟರಿನ ತಾಮ್ರದ ಕನೆಕ್ಟರುಗಳನ್ನು ತಿನ್ನುತ್ತದೆ. ಗಾಳಿಯಾಡುವ, ಬೀಗ ಹಾಕುವ ಪಕ್ಕದ ಮೂಲೆ ಸಾಕು. ವೈರ್ ಮಾತ್ರ ಉದ್ದವಾಗದಿರಲಿ.

ಶಾಲೆಗಳ ಬ್ಯಾಟರಿ ಸಾಯುವುದು ಹೆಚ್ಚಾಗಿ ಬೇಸಿಗೆ ರಜೆಯಲ್ಲಿ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಬಿಸಿಲು ಜೋರು, ಖರ್ಚು ಸೊನ್ನೆ. ಬ್ಯಾಟರಿ ತುಂಬಿಯೇ ಇದ್ದು, ನೀರು ಆವಿಯಾಗಿ ಪ್ಲೇಟು ಒಣಗುತ್ತದೆ. ಹೆದರಿ ಪ್ಯಾನೆಲ್ಲನ್ನೇ ಆಫ್ ಮಾಡಿ ಹೋದರೆ ಇನ್ವರ್ಟರ್ ಒಳಗೊಳಗೇ ಬ್ಯಾಟರಿ ಕುಡಿದು ಮುಗಿಸುತ್ತದೆ, ಅದು ಇನ್ನೂ ಕೆಟ್ಟದ್ದು. ಆದ್ದರಿಂದ ರಜೆಗೆ ಮುಂಚೆ ಡಿಸ್ಟಿಲ್ಡ್ ವಾಟರ್ ಮೇಲಿನ ಗುರುತಿನವರೆಗೆ ತುಂಬಿ, ಇನ್ವರ್ಟರ್ ಸ್ವಿಚ್ ಆಫ್ ಮಾಡಿ, ಪ್ಯಾನೆಲ್ ಚಾರ್ಜಿಂಗ್ ಹಾಗೇ ಇರಲಿ. ಸರಿಯಾದ ಕಂಟ್ರೋಲರ್ 13.5–13.8 ವೋಲ್ಟಿನಲ್ಲಿ ಹಿಡಿದಿಡುತ್ತದೆ; 24ರ ವ್ಯವಸ್ಥೆಯಲ್ಲಿ ಅದರ ಎರಡರಷ್ಟು. ತಿಂಗಳಿಗೊಮ್ಮೆ ಯಾರಾದರೂ ಬಂದು ನೀರು ನೋಡಲಿ. ಆರ್‌ಒ ನೀರು ಹಾಕಬೇಡಿ, ಅದರಲ್ಲೂ ಲವಣ ಇರುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ.

ಮದ್ದೂರು

ನಮ್ಮ ಮನೆ ಪಕ್ಕದಲ್ಲೇ ಆಲೆಮನೆ. ಪ್ಯಾನೆಲ್ ಮೇಲೆ ಕಪ್ಪು ಕೂರುತ್ತದೆ. ತೊಳೆದರೆ ಬಿಳಿ ಕಲೆ ಬೀಳುತ್ತದೆ. ಏನು ಮಾಡುವುದು?

ಉತ್ತರ: ಕಬ್ಬಿನ ಸಿಪ್ಪೆ ಉರಿಸಿದ ಹೊಗೆಯ ಮಸಿಯಲ್ಲಿ ಜಿಡ್ಡಿನಂಶ ಇರುತ್ತದೆ, ಬರೀ ನೀರಿಗೆ ಬಿಡುವುದಿಲ್ಲ. ಬಿಳಿ ಕಲೆ ಬೋರ್‌ವೆಲ್ ನೀರಿನ ಸುಣ್ಣದ್ದು; ಮಸಿಗಿಂತ ಅದು ಕೆಟ್ಟದ್ದು, ಒಮ್ಮೆ ಗಾಜಿಗೆ ಹಿಡಿದರೆ ಬಿಡಿಸುವುದು ಕಷ್ಟ. ಮಳೆ ನೀರು ಹಿಡಿದಿಟ್ಟಿದ್ದು ಅಥವಾ ನಲ್ಲಿಯ ಕಾವೇರಿ ನೀರು ಬಳಸಿ. ಒಂದು ಬಕೆಟ್ಟಿಗೆ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ, ಮೆತ್ತನೆಯ ಬಟ್ಟೆ. ಸೋಪಿನ ಪುಡಿ, ತೆಂಗಿನ ನಾರು, ಸ್ಟೀಲ್ ಸ್ಕ್ರಬ್ಬರ್ ಗಾಜಿನ ಲೇಪವನ್ನು ಗೀರುತ್ತವೆ. ಬೆಳಗ್ಗೆ ಬಿಸಿಲೇರುವ ಮೊದಲು ತೊಳೆಯಿರಿ. ನಡುಹಗಲಲ್ಲಿ ಪ್ಯಾನೆಲ್ ಅರವತ್ತು ಡಿಗ್ರಿ ಕಾದಿರುತ್ತದೆ, ತಣ್ಣೀರು ಸುರಿದರೆ ಗಾಜು ಸೀಳಬಹುದು. ಆಲೆ ಉರಿಯುವ ದಿನಗಳಲ್ಲಿ ಎಂಟು ಹತ್ತು ದಿನಕ್ಕೊಮ್ಮೆ, ಮಿಕ್ಕಂತೆ ತಿಂಗಳಿಗೊಮ್ಮೆ.

ನಿಮ್ಮ ಪತ್ರದಲ್ಲಿ ತೆಂಗಿನ ಮರದ ನೆರಳಿನ ಪ್ರಸ್ತಾಪವೂ ಇದೆ. ಮಸಿಗಿಂತ ಅದರತ್ತ ಹೆಚ್ಚು ಗಮನ ಕೊಡಿ. ಪ್ಯಾನೆಲ್ಲಿನ ಕೋಶಗಳು ಸರಪಳಿಯಂತೆ ಜೋಡಿಸಿದಂಥವು, ಸಾಮಾನ್ಯವಾಗಿ ಮೂರು ಭಾಗ. ಒಂದೇ ಗರಿಯ ನೆರಳು ಒಂದು ಭಾಗದ ಕೆಲವೇ ಕೋಶಗಳ ಮೇಲೆ ಬಿದ್ದರೂ ಆ ಭಾಗ ಪೂರ್ತಿ ಕೂರುತ್ತದೆ, ಮೂರನೇ ಒಂದು ಪಾಲು ಹೋಯಿತು. ಅಡ್ಡಡ್ಡ ಬಿದ್ದರೆ ಮೂರೂ ಭಾಗ ಹೋಗಬಹುದು. ಒಂಬತ್ತರಿಂದ ಮೂರರವರೆಗೆ ನೆರಳು ಬೀಳದ ಜಾಗ ಹುಡುಕಿ, ಕಂಬ ಎತ್ತರಿಸಿದರೂ ಸರಿ.

ಶ್ರೀರಂಗಪಟ್ಟಣ

ಟ್ಯೂಬುಲರ್ ತೆಗೆದು ಅದೇ ಇನ್ವರ್ಟರಿಗೆ ಲಿಥಿಯಂ ಬ್ಯಾಟರಿ ಹಾಕಬಹುದೇ?

ಉತ್ತರ: ಇನ್ವರ್ಟರಿನ ಮೆನುವಿನಲ್ಲಿ ಲಿಥಿಯಂ ಆಯ್ಕೆ ಇದ್ದರೆ ಮಾತ್ರ. 12.8 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನಾಲ್ಕು ಕೋಶ, ಗರಿಷ್ಠ 14.6 ವೋಲ್ಟ್. ಟ್ಯೂಬುಲರಿಗೆಂದು ಮಾಡಿದ ಚಾರ್ಜರ್ ಆಗಾಗ ಪ್ಲೇಟು ಶುದ್ಧಿಗೆಂದು 15 ದಾಟಿಸುತ್ತದೆ. ಆಗ ಬ್ಯಾಟರಿಯೊಳಗಿನ ಬಿಎಂಎಸ್ (ಕೋಶಗಳನ್ನು ಕಾಯುವ ಸರ್ಕ್ಯೂಟ್) ತಟ್ಟನೆ ಕಡಿದುಕೊಳ್ಳುತ್ತದೆ, ಕಂಪ್ಯೂಟರ್ ಅಲ್ಲೇ ಆಫ್. ಸರಿಯಾದ ಇನ್ವರ್ಟರ್ ಇದ್ದರೆ ಲಿಥಿಯಂ ಒಳ್ಳೆಯದು: 100 ಎಎಚ್ ಎಂದರೆ 1,280 ವಾಟ್-ಅವರ್, ಅದರಲ್ಲಿ 1,000ಕ್ಕೂ ಮಿಗಿಲಾಗಿ ಬಳಸಬಹುದು. 150 ಎಎಚ್ ಟ್ಯೂಬುಲರಿಗಿಂತ ಅದೇ ಹೆಚ್ಚು, ನೀರಿನ ಕೆಲಸವೂ ಇಲ್ಲ. ಶೀಟ್ ಚಾವಣಿಯ ಕೆಳಗೆ ಮಾತ್ರ ಇಡಬೇಡಿ.

ಹುಣಸೂರು

ಮುಂಗಾರು ಪೂರ್ವ ಮಳೆಯಲ್ಲಿ ಸಿಡಿಲು ಜಾಸ್ತಿ. ಆಗ ಪ್ಯಾನೆಲ್ ವೈರ್ ಕಳಚಬೇಕೆ?

ಉತ್ತರ: ಗುಡುಗು ಶುರುವಾದ ಮೇಲೆ ತಾರಸಿಗೆ ಹೋಗಲೇಬೇಡಿ. ಮೋಡ ಕಟ್ಟುವಾಗಲೇ, ಕೆಳಗಿರುವ ಡಿಸಿ ಎಂಸಿಬಿ (ಪ್ಯಾನೆಲ್ ಲೈನ್ ಕಡಿಯುವ ಸ್ವಿಚ್ಚು) ಆಫ್ ಮಾಡಿ. ಪ್ಯಾನೆಲ್ಲಿನ ಕನೆಕ್ಟರನ್ನು ಕರೆಂಟ್ ಹರಿಯುತ್ತಿರುವಾಗ ಎಳೆದರೆ ಕಿಡಿ ನಿಲ್ಲದೆ ಉರಿಯುತ್ತದೆ; ಡಿಸಿಯ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ. ಮನೆಯ ಮಾಮೂಲಿ ಎಸಿ ಎಂಸಿಬಿಯನ್ನು ಅಲ್ಲಿ ಹಾಕಿದ್ದರೆ ಅದನ್ನು ಮೊದಲು ಬದಲಿಸಿ, ಕಾರಣ ಇದೇ. ಪ್ಯಾನೆಲ್ಲಿನ ಚೌಕಟ್ಟಿಗೂ ಸ್ಟ್ಯಾಂಡಿಗೂ ಅರ್ಥಿಂಗ್, ಡಿಸಿ ಕಡೆ ಒಂದು, ಎಸಿ ಕಡೆ ಒಂದು ಸರ್ಜ್ ರಕ್ಷಕ ಇರಲಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೊಂದು ಬಕೆಟ್ ನೀರು ಹಾಕಿ, ಒಣ ಮಣ್ಣಿನಲ್ಲಿ ಅರ್ಥಿಂಗ್ ಇದ್ದೂ ಇಲ್ಲದಂತೆ.

ಇಷ್ಟೆಲ್ಲ ಮಾಡಿಯೂ ಮದರ್‌ಬೋರ್ಡ್ ಸುಟ್ಟಿದ್ದರೆ, ಸಿಡಿಲು ಬಂದ ದಾರಿ ಪ್ಯಾನೆಲ್ ಆಗಿರದೆ ಇಂಟರ್‌ನೆಟ್ ವೈರ್ ಆಗಿರಬಹುದು. ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಪಕ್ಕದ ಕಟ್ಟಡದಿಂದ ಗಾಳಿಯಲ್ಲಿ ಎಳೆದ ಲ್ಯಾನ್ ವೈರ್ ಇದೆಯೇ ನೋಡಿ. ಇದ್ದರೆ ಮೊದಲು ಅದನ್ನು ತೆಗೆಸಿ ಫೈಬರ್ ಎಳೆಸಿ.